ಹಸಿರು ಬಣ್ಣದ ಗ್ರೇ ಬೈಕು

ಜಿಲ್ಲೆಯಲ್ಲಿ ಒಂದೇ ಒಂದು ಇರುವ ವಸ್ತುವನ್ನು ಮದುವೆಯಾದ ಗಂಡಸು ಎಂದೂ ಕೊಳ್ಳಬಾರದು. ಸಾವಿರ ಜನರ ಬಳಿ ಇರುವಂಥ ಬೈಕು, ಸಾವಿರ ಜನರ ಮೈಮೇಲಿರುವಂಥ ಅಂಗಿ, ಸಾವಿರ ಜನರ ಕಾಲಲ್ಲಿರುವಂಥ ಚಪ್ಪಲಿ, ಇಷ್ಟರಲ್ಲೇ ಅವನು ತೃಪ್ತನಾಗಿರಬೇಕು. ಗುಂಪಿನಲ್ಲಿ ಗುರುತು ಸಿಗದೆ ಇರುವುದು ಎಂಥ ಭಾಗ್ಯ ಎಂಬುದು ಅದನ್ನು ಕಳೆದುಕೊಂಡ ಮೇಲೇ ತಿಳಿಯುವುದು.

ನಾನು ಶಿವಮೊಗ್ಗದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡುವವನು. ಓದಿದ್ದು ಬಿ.ಎಸ್ಸಿ., ರಸಾಯನಶಾಸ್ತ್ರ. ಅಡಿಕೆ ತೋಟದವರು ಚೀಲದಲ್ಲಿ ಕಟ್ಟಿ ತಂದುಕೊಡುವ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಹುಳಿ ಎಷ್ಟಿದೆ, ಪೊಟ್ಯಾಷ್ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಅಳೆಯದೆ ಯಾವುದನ್ನೂ ನಂಬಬಾರದು ಎಂಬುದು ನನ್ನ ತತ್ವ. (ಮನೆಯ ಸಾರಿನ ಉಪ್ಪಿಗೂ ಈ ತತ್ವವನ್ನು ಅನ್ವಯಿಸಲು ಹೋಗಿ, ಒಂದು ವಾರ ಹೋಟೆಲಿನ ಸಾರನ್ನು ಪರೀಕ್ಷಿಸಬೇಕಾಗಿ ಬಂದಿತ್ತು.) ಇಂಥ ನಾನು ಅಳೆಯದೆ, ತೂಗದೆ, ಒಂದೇ ನೋಟಕ್ಕೆ ಮನಸೋತದ್ದು ಜೀವನದಲ್ಲಿ ಎರಡು ಸಲ. ಒಂದು ಸಲ ತನುಜಾಳಿಗೆ, ಇನ್ನೊಂದು ಸಲ ಈ ಬೈಕಿಗೆ. ಎರಡನೆಯದು ಮೊದಲನೆಯವಳಿಗೆ ಹಿಡಿಸದೇ ಹೋದದ್ದರಿಂದ ಈ ಕಥೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಗ್ರೇ ಇಂಪೋರ್ಟ್ ಎಂದರೆ ಏನೆಂದು ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಹೊರದೇಶದ ಕಂಪನಿ ತನ್ನ ಊರಿನಲ್ಲಿ ಮಾರುವ ಎಲ್ಲ ಬೈಕುಗಳನ್ನೂ ನಮ್ಮಲ್ಲಿಗೆ ತರುವುದಿಲ್ಲ. ಅದು ತರದ ಬೈಕನ್ನು ಬೇರೆ ಯಾರಾದರೂ ಹಡಗಿಗೆ ಹಾಕಿಸಿ, ಸುಂಕ ಕಟ್ಟಿ, ಇಲ್ಲಿ ನೋಂದಣಿ ಮಾಡಿಸಿಕೊಂಡರೆ ಅದು ಗ್ರೇ ಇಂಪೋರ್ಟು. ಕಳ್ಳಮಾಲಲ್ಲ, ಕಾಗದಪತ್ರವೆಲ್ಲ ಸರಿಯಾಗಿರುತ್ತದೆ. ಆದರೆ ಅದೇ ಕಂಪನಿಯ ಶೋರೂಮಿಗೆ ಒಯ್ದರೆ ಅವರು ಹೊರಗೆ ಬಂದು ನೋಡಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಬಹಳ ಮರ್ಯಾದೆಯಿಂದ ವಾಪಸು ಕಳಿಸುತ್ತಾರೆ. ಹೆಸರು ಅವರದ್ದೇ, ಮಗು ಮಾತ್ರ ಅವರದ್ದಲ್ಲ. ನನ್ನ ಕಾಲೇಜಿನ ಗೆಳೆಯ ಹರಿಪ್ರಸಾದ್ ಜಪಾನಿನಲ್ಲಿ ಕೆಲಸ ಮುಗಿಸಿ ಬರುವಾಗ ಮನೆ ಸಾಮಾನಿನ ಜೊತೆಗೆ ಇದನ್ನು ತಂದಿದ್ದ. ತಂದ ಮೇಲೆ ಅವನಿಗೆ ಬೆನ್ನುನೋವು ಶುರುವಾಯಿತು. ಬೈಕು ನನ್ನ ಪಾಲಿಗೆ ಬಂತು.

ಗೋಪಾಳದ ನಮ್ಮ ಮನೆಯ ಮುಂದೆ ಅದನ್ನು ನಿಲ್ಲಿಸಿದ ದಿನ ತನುಜಾ ಬಾಗಿಲಿಗೆ ಬಂದು, ಉತ್ತರಪತ್ರಿಕೆ ತಿದ್ದುವ ಕಣ್ಣಿನಿಂದ (ಅವಳು ಹೈಸ್ಕೂಲಿನ ಗಣಿತದ ಟೀಚರು) ಬೈಕನ್ನು ಮೇಲಿನಿಂದ ಕೆಳಗೆ ನೋಡಿದಳು.

“ಗ್ರೇ ಅಂದ್ರಿ. ಇದು ಹಸಿರು ಇದೆ.”

“ಗ್ರೇ ಅನ್ನೋದು ಬಣ್ಣ ಅಲ್ಲ ಮಾರಾಯ್ತಿ. ಅದೊಂದು ಸ್ಥಿತಿ.”

“ಯಾರ ಸ್ಥಿತಿ? ನಿಮ್ದಾ?”

ನಾಲ್ಕು ಸಿಲಿಂಡರಿನ ಎಂಜಿನ್ನು, ಇಂಥದ್ದು ತುಂಗಾ ತೀರದಲ್ಲೂ ಇಲ್ಲ, ಭದ್ರಾ ತೀರದಲ್ಲೂ ಇಲ್ಲ ಎಂದು ವಿವರಿಸಿದೆ. ಅಡುಗೆಮನೆಯ ಒಂದು ಸಿಲಿಂಡರು ಖಾಲಿಯಾಗಿ ಮೂರು ದಿನವಾಯಿತು, ಅದನ್ನು ಬುಕ್ ಮಾಡಲು ಹೇಳಿದ್ದು ನೆನಪಿದೆಯೇ ಎಂದು ಅವಳು ಕೇಳಿದಳು. ಆಮೇಲೆ ಷರತ್ತು ಹಾಕಿದಳು.

“ಇದು ಎಲ್ಲಾದ್ರೂ ಕೆಟ್ಟು ನಿಂತು, ನನ್ನ ತವರಿನವರ ಮುಂದೆ ನಾನು ಮುಖ ಸಣ್ಣ ಮಾಡ್ಕೊಳ್ಳೋ ಹಾಗಾದ್ರೆ ಅವತ್ತೇ ಮಾರ್ತೀರಿ.”

“ಜಪಾನಿಂದು. ಕೆಡಲ್ಲ.”

“ಕೆಟ್ರೆ?”

“ಮಾರ್ತೀನಿ.”

ಅವಳ ತವರು ಭದ್ರಾವತಿ. ನಮ್ಮ ಮಾವ ಷಣ್ಮುಖಪ್ಪನವರು ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು, ನ್ಯೂಟೌನಿನಲ್ಲಿ ಮನೆ. ಬೈಕನ್ನು ಮೊದಲ ಸಲ ಒಯ್ದಾಗ ಅವರು ಅದಕ್ಕೊಂದು ಪ್ರದಕ್ಷಿಣೆ ಹಾಕಿ, ಕ್ಲಚ್ ಕೇಬಲ್ ತುಂಡಾದರೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಜಪಾನಿನಿಂದ ತರಿಸಬೇಕು ಎಂದೆ. “ಓಹೋ” ಎಂದು ಒಳಗೆ ಹೋದರು. ಆ ಮನೆಯಲ್ಲಿ “ಓಹೋ” ಎನ್ನುವುದು ಮೇಲ್ಮನವಿಗೆ ಅವಕಾಶವಿಲ್ಲದ ತೀರ್ಪು.

ಬೈಕು ಕೆಡಲಿಲ್ಲ. ಕೆಟ್ಟದ್ದು ನನ್ನ ಸ್ವಾತಂತ್ರ್ಯ. ಪೆಟ್ರೋಲ್ ಬಂಕಿನಲ್ಲಿ, ಸಿಗ್ನಲ್ಲಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ “ಮೈಲೇಜ್ ಎಷ್ಟು ಕೊಡುತ್ತೆ?” ಎಂದು ಕೇಳುವವರನ್ನು ಸಹಿಸಿಕೊಳ್ಳಬಹುದು. ಆದರೆ ಬೈಕು ಎಲ್ಲಿ ನಿಂತಿದೆಯೋ ಅಲ್ಲಿ ನಾನಿದ್ದೇನೆ ಎಂಬುದು ಎರಡು ಊರಿಗೂ ಗೊತ್ತಾಗಿಬಿಟ್ಟಿತ್ತು. ಗಾಂಧಿ ಬಜಾರಿನ ತಳ್ಳುಗಾಡಿಯ ಮುಂದೆ ನಿಲ್ಲಿಸಿದರೆ, ಎಣ್ಣೆಯಿಂದ ಮೆಣಸಿನಕಾಯಿ ಬೋಂಡಾ ಮೇಲೇಳುವ ಮೊದಲೇ ತನುಜಾಳ ಫೋನು ಬರುತ್ತಿತ್ತು, ಕೊಲೆಸ್ಟ್ರಾಲ್ ವಿಚಾರ. ಆಫೀಸಿನ ಕೆಲಸವಿದೆ ಎಂದು ಹೇಳಿ ಗಾಜನೂರಿನ ಅಣೆಕಟ್ಟಿನ ಹತ್ತಿರ ಗಾಳಿಗೆ ಹೋದರೆ, ಅವಳ ಶಾಲೆಯ ಪಿ.ಟಿ. ಮೇಷ್ಟ್ರು ಬೈಕಿನ ಫೋಟೊ ಕಳಿಸಿ, ‘ಸರ್ ಎಲ್ಲೂ ಕಾಣ್ತಿಲ್ಲ, ನೀರಿಗೆ ಇಳಿದಿರಬಹುದಾ’ ಎಂದು ಕಾಳಜಿ ತೋರಿದ್ದರು. ಸಾಮಾನ್ಯ ಬೈಕಿನವನು ಸುಳ್ಳು ಹೇಳಬಹುದು. ನಾನು ಹರಿಶ್ಚಂದ್ರನಾಗಿ ಬದುಕಬೇಕಾಯಿತು, ಅದೂ ಸ್ವಂತ ಖರ್ಚಿನಲ್ಲಿ.

ಹೀಗಿರುವಾಗ ನನ್ನ ಭಾವಮೈದುನ ಜ್ಞಾನೇಶನ ಮದುವೆ ಗೊತ್ತಾಯಿತು.

ಮದುವೆಗೆ ಜನರನ್ನು ಕರೆಯುವುದು ಒಂದು ಶಾಸ್ತ್ರ. ಕಾರ್ಡಿನ ಚಿತ್ರ ಫೋನಿಗೆ ಕಳಿಸಿದರೆ ಅದು ಸುದ್ದಿಯೇ ಹೊರತು ಕರೆಯಲ್ಲ. ಮನೆಗೆ ಹೋಗಬೇಕು, ಒಳಗೆ ಬಂದು ಕೂರಬೇಕು, ಕುಂಕುಮ ಕೊಟ್ಟು ಎರಡೂ ಕೈಯಲ್ಲಿ ಕಾರ್ಡು ಕೊಡಬೇಕು, ಅವರು ಕೊಟ್ಟ ಕಾಫಿ ಕುಡಿಯಬೇಕು. ಯಾರನ್ನು ಮೊದಲು ಕರೆದಿರಿ, ಯಾರನ್ನು ಆಮೇಲೆ ಎಂಬುದೂ ಲೆಕ್ಕ. ನಮ್ಮ ಮಾವ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವರ ಖಾಸಾ ತಮ್ಮನ ಜೊತೆ ಮಾತು ಬಿಟ್ಟಿರುವುದೂ ಇದೇ ಕಾರಣಕ್ಕೆ.

ತಮ್ಮ ಹಾಲೇಶಪ್ಪನವರು ಕಾಗದದ ಕಾರ್ಖಾನೆಯಲ್ಲಿದ್ದವರು. ಪೇಪರ್ ಟೌನಿನ ಹತ್ತಿರ ಮನೆ ಕಟ್ಟಿಸಿ, ಗೃಹಪ್ರವೇಶದ ಕಾರ್ಡನ್ನು ಅಣ್ಣನಿಗೆ ಅಂಚೆಯಲ್ಲಿ ಕಳಿಸಿದ್ದರು. ಒಂದೇ ಊರು, ಹೊಳೆ ದಾಟಿದರೆ ಮನೆ. ಡಬ್ಬಕ್ಕೆ ಹಾಕಿದ್ದು ಗೃಹಪ್ರವೇಶದ ಹಿಂದಿನ ದಿನ, ತಲುಪಿದ್ದು ಅದು ಮುಗಿದ ಮಾರನೆಯ ದಿನ. ಪಾಳಿ ಕೆಲಸದಲ್ಲಿ ಪುರುಸೊತ್ತಾಗಲಿಲ್ಲ ಎಂದು ಅವರು, ಪುರುಸೊತ್ತಿಲ್ಲದವನಿಗೆ ಅಣ್ಣ ಯಾಕೆ ಎಂದು ಇವರು. ಅಂದಿನಿಂದ ಹನ್ನೊಂದು ವರ್ಷ ಇಬ್ಬರ ನಡುವೆ ಭದ್ರಾ ನದಿ ಮಾತ್ರ ಹರಿಯುತ್ತಿತ್ತು. ಈಗ ಮಗನ ಮದುವೆಗೂ ತಮ್ಮನಿಗೆ ಕಾರ್ಡಿಲ್ಲ ಎಂದು ಮಾವ ಹೇಳಿಬಿಟ್ಟರು. ಅತ್ತೆ ಬಸವರಾಜೇಶ್ವರಿಯವರು ಎರಡು ದಿನ ಮಾತು ಬಿಟ್ಟು ನೋಡಿದರು. ಮಾವನಿಗೆ ಅದು ಗೊತ್ತೇ ಆಗಲಿಲ್ಲ.

ಮಾವನಿಗೆ ಮಂಡಿನೋವು, ಜ್ಞಾನೇಶನಿಗೆ ರಜೆ ಇಲ್ಲ. ಭದ್ರಾವತಿಯ ನೆಂಟರನ್ನು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಇಂಥವರ ಮನೆ ಆದ ಮೇಲೆ ಇಂಥವರದ್ದು ಎಂದು ಮಾವ ಹಿರಿತನದ ಪ್ರಕಾರ ಕ್ರಮ ಹೇಳಿದರು. ನಾನು ಹೊರಡುವಾಗ, ಮದುವೆ ಕೆಲಸಕ್ಕೆಂದು ತವರಿಗೆ ಬಂದಿದ್ದ ತನುಜಾ ಇನ್ನೊಂದು ಮಾತು ಸೇರಿಸಿದಳು. ಚಿಕ್ಕಪ್ಪನ ಮನೆಯ ರಸ್ತೆಯಲ್ಲಿ ಮಾತ್ರ ಹೋಗಬೇಡಿ, ಈ ಬೈಕನ್ನು ಯಾರಾದರೂ ನೋಡಿದರೆ ಕತೆ ಕಟ್ಟುತ್ತಾರೆ ಎಂದಳು. ಹೋಗುವುದಿಲ್ಲ ಎಂದು ನಾನೂ ಹೇಳಿದೆ.

ಆದರೆ ಹಿರಿತನದ ಕ್ರಮಕ್ಕೂ ಭೂಗೋಳಕ್ಕೂ ಸಂಬಂಧವಿರುವುದಿಲ್ಲ. ಹೊಳೆಯ ಆಚೆ ಒಬ್ಬ ಹಿರಿಯರು, ಈಚೆ ಅವರಿಗಿಂತ ಸ್ವಲ್ಪ ಕಿರಿಯರು, ಮತ್ತೆ ಆಚೆ ಅವರಿಗಿಂತಲೂ ಕಿರಿಯರು. ನಾಲ್ಕನೆಯ ಮನೆಯ ಕಾಫಿ ಮುಗಿಯುವ ಹೊತ್ತಿಗೆ ನಾನು ಸೇತುವೆಯನ್ನು ಅಷ್ಟೇ ಸಲ ದಾಟಿದ್ದೆ, ಹೊಟ್ಟೆಯಲ್ಲಿ ಕಾಫಿ ಭದ್ರೆಯ ಹಾಗೆ ತುಂಬಿ ಹರಿಯುತ್ತಿತ್ತು. ಆಗ ನನ್ನೊಳಗಿನ ವಿಜ್ಞಾನಿ ಎದ್ದು ಕುಳಿತ. ಪೇಪರ್ ಟೌನಿನ ಒಳರಸ್ತೆಯಲ್ಲಿ ನುಗ್ಗಿದರೆ ಅರ್ಧ ದಾರಿ ಉಳಿಯುತ್ತದೆ. ಹಾಲೇಶಪ್ಪನವರ ಮನೆಯ ಮುಂದೆ ಹಾದುಹೋಗಲು ಬೇಕಾದ ಕಾಲ ಎರಡೋ ಮೂರೋ ಸೆಕೆಂಡು. ಅಷ್ಟರಲ್ಲಿ ಯಾರು ನೋಡುತ್ತಾರೆ?

ಅವರ ಗೇಟಿನ ಎದುರಿಗೇ ಒಂದು ಹಂಪು. ಹಂಪಿನ ಮೇಲೆ ಬೈಕು ಒಮ್ಮೆ ಕುಪ್ಪಳಿಸಿತು, ಕೆಮ್ಮಲೂ ಇಲ್ಲ, ನರಳಲೂ ಇಲ್ಲ, ಸುಮ್ಮನೆ ನಿಂತುಹೋಯಿತು.

ಬಟನ್ ಒತ್ತಿದೆ. ದೀಪ ಉರಿಯುತ್ತಿದೆ, ಎಂಜಿನ್ನಿನಲ್ಲಿ ಚಕಾರವಿಲ್ಲ. ಟ್ಯಾಂಕಿನ ಮೇಲೆ ಜಪಾನಿ ಲಿಪಿಯ ಒಂದು ಚೀಟಿ ಅಂಟಿಸಿತ್ತು. ಸಂಕಟಕಾಲಕ್ಕೆ ಏನಾದರೂ ಬರೆದಿರಬಹುದೆಂದು ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿದೆ. ‘ಅನುಮಾನವಿದ್ದಲ್ಲಿ ಹತ್ತಿರದ ಮಾರಾಟಗಾರರನ್ನು ಸಂಪರ್ಕಿಸಿ’ ಎಂದು ಬಂತು. ನನಗೆ ಅನುಮಾನವೇನೋ ಇತ್ತು, ಮಾರಾಟಗಾರರು ಮಾತ್ರ ಸಮುದ್ರದಾಚೆ ಇದ್ದರು. ತಳ್ಳಿಕೊಂಡು ಹೋಗೋಣವೆಂದರೆ ಎದುರಿಗೆ ಏರು, ಬೈಕಿನ ತೂಕ ಒಂದು ಎಮ್ಮೆಯದ್ದು. ಹಾಗೂ ಹೀಗೂ ಹಂಪಿನಿಂದ ಇಳಿಸುವಷ್ಟರಲ್ಲಿ ಗೇಟು ತೆರೆಯಿತು.

ಚಿಕ್ಕತ್ತೆ ವೇದಾವತಿಯವರು. ಕೈಯಲ್ಲಿ ಅಕ್ಕಿಯ ಮೊರ. ಅವರು ಮೊದಲು ಬೈಕನ್ನು ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಹ್ಯಾಂಡಲಿಗೆ ಸಿಕ್ಕಿಸಿದ್ದ ಚೀಲದಿಂದ ಇಣುಕುತ್ತಿದ್ದ ಮದುವೆ ಕಾರ್ಡುಗಳನ್ನು. ಮೊರವನ್ನು ಅಲ್ಲೇ ಕಟ್ಟೆಯ ಮೇಲಿಟ್ಟರು.

“ಬನ್ನಿ ಅಳಿಯಂದಿರೇ, ಒಳಗೆ ಬನ್ನಿ. ಏನ್ರೀ, ಕೇಳಿಸ್ತಾ, ಕರೆಯೋಕೆ ಬಂದಿದಾರೆ.”

ನಾನು ಚೀಲ ತೆಗೆದುಕೊಂಡು ಅವರ ಹಿಂದೆ ಒಳಗೆ ಹೋದೆ. ಹಜಾರದಲ್ಲಿ ಬನಿಯನ್ ಹಾಕಿಕೊಂಡು ಕೂತಿದ್ದ ಹಾಲೇಶಪ್ಪನವರು ನನ್ನನ್ನು ನೋಡಿದ್ದೇ ತಡ ಎದ್ದು ಒಳಗೆ ಹೋದರು. ಸಿಟ್ಟು ಮಾಡಿಕೊಂಡರು, ಬದುಕಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಎರಡೂ ಕೈ ಮಂಡಿಯ ಮೇಲೆ. ಕಾರ್ಡು ತೆಗೆದುಕೊಳ್ಳಲು ತಯಾರಾಗಿ ಕೂತ ಮನುಷ್ಯ.

“ಅಣ್ಣ ಕಳಿಸಿದ್ನಾ?” ಎಂದು ಕೇಳಿದರು.

ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತನುಜಾ. ಚಿಕ್ಕಪ್ಪನ ಮನೆಯ ಮುಂದೆ ಬೈಕು ನಿಂತಿದೆಯಂತೆ, ಮೂರು ಜನ ಫೋಟೊ ಕಳಿಸಿದ್ದಾರೆ, ಅಪ್ಪನಿಗೂ ಒಬ್ಬರು ಕಳಿಸಿದ್ದಾರೆ, ಏನಾಗಿದೆ ಎಂದು ಕೇಳಿದಳು.

ನಾನು ಪದ್ಧತಿಯ ಪ್ರಕಾರ ಯೋಚಿಸಿದೆ. ಬೈಕು ಕೆಟ್ಟಿದೆ ಎಂದರೆ ಷರತ್ತಿನ ಪ್ರಕಾರ ಬೈಕು ಹೋಯಿತು, ಎದುರಿಗೆ ಬಿಳಿ ಅಂಗಿ ಹಾಕಿಕೊಂಡು ಕೂತವರ ಮಾನವೂ ಹೋಯಿತು. ಬೇಕೆಂದೇ ಬಂದೆ ಎಂದರೆ ಮಾವ ಕೈಬಿಟ್ಟುಹೋಗುತ್ತಾರೆ. ಆದರೆ ಮಾವನನ್ನು ಸರಿಮಾಡುವವರು ಊರಲ್ಲೇ ಸಿಗುತ್ತಾರೆ, ಬೈಕು ಸರಿಮಾಡುವವರನ್ನು ಹುಡುಕಿಕೊಂಡು ಜಪಾನಿಗೆ ಹೋಗಬೇಕು.

“ಕೆಟ್ಟಿಲ್ಲ ಏನಿಲ್ಲ. ಚಿಕ್ಕ ಮಾವನ್ನ ಕರೆಯೋಕೆ ಅಂತ ನಾನೇ ಬಂದೆ” ಎಂದು ಫೋನಿಗೆ ಹೇಳಿದೆ. ಆಚೆಯಿಂದ ಉತ್ತರ ಬರುವ ಮೊದಲೇ ಫೋನಿಟ್ಟು, ಹಾಲೇಶಪ್ಪನವರಿಗೆ “ಹೂಂ, ಮಾವನೇ ಕಳಿಸಿದ್ದು” ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಆಸರೆ. ವೇದಾವತಿಯವರಿಗೆ ಕುಂಕುಮ ಕೊಟ್ಟು, ಎರಡೂ ಕೈಯಲ್ಲಿ ಕಾರ್ಡು ಕೊಟ್ಟೆ. ಹಾಲೇಶಪ್ಪನವರು ಅದನ್ನು ಕಣ್ಣಿಗೆ ಒತ್ತಿಕೊಂಡು, ಒಂದು ಸಲ ಓದಿ, ಹಿಂದುಮುಂದು ತಿರುಗಿಸಿ, ಕಾಗದ ಒಳ್ಳೆಯದು ಎಂದರು.

ಐದನೆಯ ಕಾಫಿ ಬಂತು. ಅದನ್ನು ನಾನು ಎಷ್ಟು ನಿಧಾನವಾಗಿ ಕುಡಿದೆನೆಂದರೆ ಅದು ಲೋಟದಲ್ಲೇ ಆರಿ, ಕೆನೆ ಕಟ್ಟಿತು. ಬೈಕು ಸ್ಟಾರ್ಟ್ ಆಗುವುದಿಲ್ಲ ಎಂಬುದನ್ನು ಬಚ್ಚಿಡಲು ಬೇರೆ ದಾರಿ ಇರಲಿಲ್ಲ. ದೂರದಿಂದ ಒಂದು ಮೊಪೆಡ್ಡಿನ ಸದ್ದು ಹತ್ತಿರವಾಯಿತು. ಮಂಡಿನೋವೆಂದು ಮನೆಯಲ್ಲಿ ಕೂತಿದ್ದ ಮಾವ ಯುದ್ಧರಂಗಕ್ಕೆ ಆಗಮಿಸಿದ್ದರು.

ಅವರು ಗೇಟಿನ ಹೊರಗೇ ನಿಂತರು. ಮುಖ ಕೆಂಡ. ನಾನು ಓಡಿದೆ, ನನ್ನ ಹಿಂದೆ ಹಾಲೇಶಪ್ಪನವರೂ ಬಂದರು, ಕೈಯಲ್ಲಿ ಕಾರ್ಡು ಹಿಡಿದೇ ಇದ್ದರು.

“ಬಾ ಅಣ್ಣ. ಕಾರ್ಡು ಕಳಿಸಿದ್ದು ಸಾಲ್ದು ಅಂತ ನೀನೇ ಬಂದ್ಯಾ?”

ಎಲ್ಲ ಮುಗಿಯಿತು ಎಂದುಕೊಂಡೆ. ‘ನಾನು ಕಳಿಸಿಲ್ಲ’ ಎಂಬ ಎರಡು ಪದ ಸಾಕಿತ್ತು. ಮಾವ ಬಾಯಿ ತೆರೆದರು. ತಮ್ಮನ ಬಿಳಿ ಅಂಗಿ ನೋಡಿದರು. ಕಾರ್ಡು ನೋಡಿದರು. ಬಾಯಿ ಮುಚ್ಚಿದರು. ಆಮೇಲೆ ಆ ಸಿಟ್ಟನ್ನೆಲ್ಲ ಒಟ್ಟುಮಾಡಿ ನನ್ನ ಕಡೆ ತಿರುಗಿಸಿದರು.

“ಅಳಿಯಂದಿರೇ, ಕರೆದಿದ್ದು ಆಯ್ತಲ್ಲ. ಗಾಡಿ ತೆಗೀರಿ, ಹೊರಡೋಣ.”

ನಾನು ಬೈಕು ಹತ್ತಿದೆ. ಬಟನ್ ಒತ್ತಿದೆ. ನಿಶ್ಶಬ್ದ. ಇನ್ನೊಮ್ಮೆ ಒತ್ತಿದೆ. ರಸ್ತೆಯ ಮನೆಗಳ ಕಿಟಕಿಗಳಲ್ಲಿ ಪರದೆ ಸರಿದವು.

“ಬ್ಯಾಟರಿ ಸತ್ತಿದೆ” ಎಂದು ಮಾವ ನನಗೆ ಹೇಳಿದರು.

“ದೀಪ ಉರೀತಿದೆ, ಬ್ಯಾಟರಿ ಹೇಗೆ ಸಾಯುತ್ತೆ?” ಎಂದರು ಹಾಲೇಶಪ್ಪನವರು, ಅವರೂ ನನಗೇ.

“ದೀಪಕ್ಕೆ ಬೇಕಾಗೋದು ಅಷ್ಟು, ಎಂಜಿನ್ ತಿರುಗಿಸೋಕೆ ಬೇಕಾಗೋದು ಇಷ್ಟು. ಕಾಗದ ಮಾಡೋರಿಗೆ ಇದೆಲ್ಲ ಗೊತ್ತಾಗಲ್ಲ ಅಂತ ಹೇಳಿ ಅಳಿಯಂದಿರೇ.”

“ಕಾಗದದ ಮಿಷನ್ನು ಇವರ ಇಡೀ ವರ್ಕ್‌ಶಾಪಿಗಿಂತ ಉದ್ದ ಇತ್ತು ಅಂತ ನೀವೂ ಹೇಳಿ. ಸ್ಟಾರ್ಟರ್ ಮೋಟರಿಗೆ ಹೋಗೋ ವೈರು ಹಂಪಿಗೆ ಕಿತ್ತಿರುತ್ತೆ.”

ನಾನು ಮಧ್ಯದಲ್ಲಿ ಕೂತು ಕತ್ತು ತಿರುಗಿಸುತ್ತ ಕೇಳುತ್ತಿದ್ದೆ. ಹೀಗೆ ಬಲಕ್ಕೆ ತಿರುಗಿದಾಗ, ನನ್ನ ಹೆಬ್ಬೆರಳಿನ ಪಕ್ಕದಲ್ಲೇ, ನನ್ನ ಕಣ್ಣಿಗೆ ಅದು ಬಿತ್ತು.

ಬಲಗಡೆಯ ಹಿಡಿಯ ಬಳಿ ಒಂದು ಕೆಂಪು ಸ್ವಿಚ್ಚಿರುತ್ತದೆ. ಅಪಾಯದ ಹೊತ್ತಿನಲ್ಲಿ ಎಂಜಿನ್ ಆರಿಸಲು ಇಟ್ಟದ್ದು. ಅದನ್ನು ತಳ್ಳಿದರೆ ದೀಪವೆಲ್ಲ ಉರಿಯುತ್ತದೆ, ಎಂಜಿನ್ನು ಮಾತ್ರ ಅಲುಗಾಡುವುದಿಲ್ಲ. ಹ್ಯಾಂಡಲಿಗೆ ನೇತುಹಾಕಿದ್ದ ಕಾರ್ಡಿನ ಚೀಲ ಹಂಪಿನ ಮೇಲೆ ಹಾರಿದಾಗ ಅದರ ಪಟ್ಟಿ ತಗುಲಿ ಸ್ವಿಚ್ಚು ಆರಿಹೋಗಿತ್ತು. ಬೈಕಿಗೆ ಏನೂ ಆಗಿರಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ತಳ್ಳಿದ್ದರೆ ನಾಲ್ಕು ಸಿಲಿಂಡರೂ ಒಟ್ಟಿಗೆ ಗರ್ಜಿಸುತ್ತಿದ್ದವು, ಷರತ್ತು ಮುರಿಯುತ್ತಿರಲಿಲ್ಲ, ಮಾವ ಮೊಪೆಡ್ ಹತ್ತುತ್ತಿದ್ದರು, ಗೇಟು ಮುಚ್ಚುತ್ತಿತ್ತು.

“ಹನ್ನೆರಡರ ಸ್ಪ್ಯಾನರ್ ಇದೆಯಾ ಕೇಳ್ರಿ” ಎಂದು ಮಾವ ಅಷ್ಟರಲ್ಲಿ ನನಗೆ ಹೇಳಿದರು.

“ಇದೆ” ಎಂದರು ಹಾಲೇಶಪ್ಪನವರು. ಈ ಸಲ ನನಗಲ್ಲ, ನೇರವಾಗಿ ಅಣ್ಣನಿಗೆ. “ಹತ್ತರದ್ದೂ ಇದೆ. ತರ್ಲಾ?”

ನಾನು ಹೆಬ್ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ.

(ಇದನ್ನು ಓದುವವರಲ್ಲಿ ಬೈಕು ಪ್ರೇಮಿಗಳಿದ್ದರೆ ಇಲ್ಲಿ ಒಂದು ಕ್ಷಣ ಎದ್ದು ನಿಲ್ಲಬೇಕೆಂದು ಕೋರಿಕೆ.)

ಬಿಸಿಲಿನಲ್ಲಿ ಬಿಚ್ಚುವುದು ಬೇಡವೆಂದು ಇಬ್ಬರೂ ಸೇರಿ ಬೈಕನ್ನು ಗೇಟಿನೊಳಗೆ ತಳ್ಳಿದರು. ಮಾವ ತಮ್ಮನ ಮನೆಯ ಅಂಗಳಕ್ಕೆ ಕಾಲಿಟ್ಟದ್ದು ಹೀಗೆ, ಸೀಟಿನ ಹಿಂಭಾಗವನ್ನು ಹಿಡಿದು ತಳ್ಳುತ್ತ, ತಮಗೇ ಗೊತ್ತಿಲ್ಲದ ಹಾಗೆ. ಸೀಟು ಹೊರಬಂತು, ಟ್ಯಾಂಕು ಹೊರಬಂತು. ಬಿಳಿ ಅಂಗಿಗೆ ಗ್ರೀಸು ಬಿತ್ತು. ಜಪಾನಿನವನು ಒಂದು ಬೋಲ್ಟನ್ನು ಎಂಥ ಮೂಲೆಯಲ್ಲಿ ಇಟ್ಟಿದ್ದಾನೆ ನೋಡು ಎಂದು ಒಬ್ಬರು ಬೈದರೆ, ಅವನಿಗೆ ಕೈ ಸಣ್ಣದಿರಬೇಕು ಎಂದು ಇನ್ನೊಬ್ಬರು ನಕ್ಕರು. ಯಾವ ಎರಡು ಬೋಲ್ಟು ಬಿಚ್ಚುವ ನಡುವೆಯೋ ಮಾವನ ಬಾಯಿಂದ “ಹಾಲೇಶಿ” ಎಂಬ ಹಳೆಯ ಹೆಸರೂ ಹೊರಬಂತು. ವೇದಾವತಿಯವರು ತಂದಿಟ್ಟ ಕಾಫಿಯನ್ನು ಮಾವ ನೋಡದೆಯೇ ಎತ್ತಿ ಕುಡಿದು, ಲೋಟದೊಳಗೆ ನಾಲ್ಕು ಸ್ಕ್ರೂ ಹಾಕಿಟ್ಟರು.

ತನುಜಾ ಅತ್ತೆಯನ್ನು ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಾಗ, ಜಗಳ ಬಿಡಿಸಲು ಬಂದವರಿಗೆ ಕಂಡದ್ದು ಗೋಣಿಚೀಲದ ಮೇಲೆ ಸಾಲಾಗಿ ಹರಡಿದ್ದ ನನ್ನ ಬೈಕು ಮತ್ತು ಅದರ ಎರಡು ಬದಿಗೆ ಕುಕ್ಕರಗಾಲಿನಲ್ಲಿ ಕೂತ ಇಬ್ಬರು ಮುದುಕರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಸೀದಾ ಒಳಗೆ ಹೋಗಿ ವೇದಾವತಿಯವರ ಕೈ ಹಿಡಿದುಕೊಂಡರು. ತನುಜಾ ಸ್ವಲ್ಪ ಹೊತ್ತು ಹ್ಯಾಂಡಲಿನ ಹತ್ತಿರ ನಿಂತು ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಒಳಗೆ ಹೋದಳು.

ಮದುವೆಯಲ್ಲಿ ಹಾಲೇಶಪ್ಪನವರು ಅಣ್ಣನ ಪಕ್ಕದಲ್ಲೇ ನಿಂತು ಬಂದವರನ್ನು ಬರಮಾಡಿಕೊಂಡರು. ಇಬ್ಬರ ಉಗುರಿನಲ್ಲೂ ಗ್ರೀಸು ಇತ್ತು. ಮಾವ ತಮ್ಮನಿಗೆ ಕೇಳಿಸದ ಹಾಗೆ ಬೀಗರ ಮುಂದೆ ನನ್ನ ಬೆನ್ನು ತಟ್ಟಿ, ಯಾರ ಮಾತಿಗೂ ಕಾಯದೆ, ಬೈಗುಳಕ್ಕೂ ಹೆದರದೆ, ತಾನೇ ಹೋಗಿ ಕರೆದುಬಂದ ಅಳಿಯ ಎಂದು ಹೊಗಳಿದರು. ಹನ್ನೆರಡು ವರ್ಷದ ಅಳಿಯತನದಲ್ಲಿ ಅದು ಮೊದಲ ಹೊಗಳಿಕೆ. ನಾನು ತಲೆ ತಗ್ಗಿಸಿದೆ. ಅದನ್ನು ಎಲ್ಲರೂ ವಿನಯ ಎಂದುಕೊಂಡರು.

ಬೈಕು ಇನ್ನೂ ಹಾಲೇಶಪ್ಪನವರ ಶೆಡ್ಡಿನಲ್ಲೇ ಇದೆ. ಪ್ರತಿ ಭಾನುವಾರ ಮಾವ ಮಂಡಿನೋವು ಮರೆತು ಹೊಳೆ ದಾಟಿ ಹೋಗುತ್ತಾರೆ. ಸ್ಟಾರ್ಟರ್ ಮೋಟರಿನಿಂದ ಶುರುವಾದದ್ದು ಈಗ ಎಂಜಿನ್ನಿನ ಹೊಟ್ಟೆಯವರೆಗೆ ಮುಟ್ಟಿದೆ. ಒಂದು ಸಲ ಪೂರ್ತಿ ಜೋಡಿಸಿಯೂ ಆಗಿತ್ತು. ಒಂದು ಹಿಡಿ ಸ್ಕ್ರೂ ಉಳಿದುಹೋದ್ದರಿಂದ ಅವು ಎಲ್ಲಿಯವು ಎಂಬ ಚರ್ಚೆ ಬಂದು ಮತ್ತೆ ಬಿಚ್ಚಿದರು. ಒಂದು ರಬ್ಬರ್ ಬಳೆ ತುಂಡಾಗಿ, ಹರಿಪ್ರಸಾದನ ಮೂಲಕ ಜಪಾನಿನಿಂದ ತರಿಸಿದೆವು. ಅದು ಬರುವಷ್ಟರಲ್ಲಿ ಬೇರೆ ಎರಡು ತುಂಡಾಗಿದ್ದವು. ಕೈ ಹಾಕಲು ಹೋದರೆ ಇಬ್ಬರೂ ಒಟ್ಟಿಗೆ ತಡೆಯುತ್ತಾರೆ. ನೀವು ಮಣ್ಣಿನವರು, ಇದು ಲೋಹದ ವಿಷಯ, ಟಾರ್ಚು ಹಿಡಿದುಕೊಳ್ಳಿ ಸಾಕು ಎನ್ನುತ್ತಾರೆ. ನಾನು ಹಿಡಿದುಕೊಳ್ಳುತ್ತೇನೆ.

ಹೋದ ಭಾನುವಾರ ಸಂಜೆ ನಾವಿಬ್ಬರೂ ಭದ್ರಾವತಿಯಿಂದ ತನುಜಾಳ ಸ್ಕೂಟರಿನಲ್ಲಿ ವಾಪಸು ಬರುತ್ತಿದ್ದೆವು. ಅವಳು ಓಡಿಸುತ್ತಿದ್ದಳು, ನಾನು ಹಿಂದೆ ಕೂತು, ಚಿಕ್ಕತ್ತೆ ಕೊಟ್ಟ ಬಾಳೆಗೊನೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದೆ. (ಈಗ ನನ್ನನ್ನು ಯಾರೂ ಗುರುತಿಸುವುದಿಲ್ಲ. ಗೊನೆಯನ್ನು ಒಂದಿಬ್ಬರು ನೋಡುತ್ತಾರೆ.) ಬಿಡಿಭಾಗದ ಖರ್ಚು ನೋಡಿದರೆ ಬೈಕನ್ನು ಇದ್ದ ಹಾಗೆಯೇ ಮಾರಿಬಿಡುವುದು ಮೇಲೇನೋ ಎಂದೆ, ಅವಳಿಗೆ ಇಷ್ಟವಾಗಲಿ ಎಂದು.

“ಯಾಕೆ ಮಾರ್ಬೇಕು? ಅದೇನು ಕೆಟ್ಟು ನಿಂತಿತ್ತಾ?”

“ಅಂದ್ರೆ?”

“ಆ ಕೆಂಪು ಸ್ವಿಚ್ಚು ಆಫ್ ಆಗಿತ್ತು. ನನ್ನ ಸ್ಕೂಟರಿಗೂ ಅಂಥದ್ದೇ ಇದೆ. ಬಂದ ಕೂಡ್ಲೇ ನೋಡ್ದೆ.”

ಗೊನೆ ನನ್ನ ಕೈಯಿಂದ ಜಾರುವುದರಲ್ಲಿತ್ತು. ಹಾಗಾದರೆ ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ನೀವು ಜೋಡಿಸಿ, ಸ್ಟಾರ್ಟ್ ಮಾಡ್ಕೊಂಡು ಹೊರಟುಬಿಡ್ತಿದ್ರಿ. ಅಪ್ಪ ಚಿಕ್ಕಪ್ಪನ ಜೊತೆ ಹಾಗೆ ಕೂತಿದ್ದು ನಾನು ಎಷ್ಟು ವರ್ಷದ ಮೇಲೆ ನೋಡಿದ್ದು ಗೊತ್ತಾ?” ಎಂದಳು. ಒಂದು ಲಾರಿಗೆ ದಾರಿ ಬಿಟ್ಟು ಮುಂದುವರಿಸಿದಳು. “ನೀವು ಬೇಕಂತ ಕರೆಯೋಕೆ ಹೋಗಿದ್ದಲ್ಲ ಅಂತಾನೂ ಅವತ್ತೇ ಗೊತ್ತಾಯ್ತು. ಅಪ್ಪ ಹೊಗಳ್ತಾ ಇದ್ರಲ್ಲ, ಹೋಗ್ಲಿ ಪಾಪ ಅಂತ ಸುಮ್ನಿದ್ದೆ.”

ಇಷ್ಟು ದಿನ ನಾನು ಎದೆಯಲ್ಲಿ ಮುಚ್ಚಿಟ್ಟುಕೊಂಡಿದ್ದ ಮಹಾತ್ಯಾಗ ಆಗ ಬಾಯಿಗೆ ಬಂತು. ಯಾರಿಗೂ ಹೇಳಬಾರದೆಂದು ನಿರ್ಧರಿಸಿದ್ದೆ. ಆದರೆ ಇವಳಿಗೂ ಹೇಳದಿದ್ದರೆ ತ್ಯಾಗ ಮಾಡಿ ಏನು ಫಲ?

“ತನುಜಾ, ಆ ಸ್ವಿಚ್ಚು ನಾನೂ ನೋಡಿದ್ದೆ. ಮಾವ ಸ್ಪ್ಯಾನರ್ ಕೇಳೋಕೆ ಮೊದಲೇ ನೋಡಿದ್ದೆ. ಬೇಕಂತಲೇ ಸುಮ್ನಿದ್ದೆ.”

ಸ್ಕೂಟರಿನ ಕನ್ನಡಿಯಲ್ಲಿ ಅವಳ ಮುಖ ಕಾಣಿಸುತ್ತಿತ್ತು. ಉತ್ತರ ಗೊತ್ತಿತ್ತು ಮಿಸ್, ಬರೆಯೋಕೆ ಟೈಮ್ ಸಾಲಲಿಲ್ಲ ಎನ್ನುವ ಹುಡುಗನನ್ನು ನೋಡಿ ಟೀಚರುಗಳು ನಗುತ್ತಾರಲ್ಲ, ಆ ನಗು.

“ಹೂಂ, ಇರ್ಲಿ ಬಿಡಿ” ಎಂದಳು. “ಗೊನೆ ಗಟ್ಟಿಯಾಗಿ ಹಿಡ್ಕೊಳ್ಳಿ, ಮುಂದೆ ಹಂಪಿದೆ.”